ಇಲ್ಲದ ಬೆಕ್ಕಿನ ದನಿ

ಬೆಳಗ್ಗೆ ಎದ್ದು, ಉಗುರುಬೆಚ್ಚಗಿನ ನೀರಿನಲ್ಲಿ ಗಂಟಲು ತೊಳೆದು, ಕನ್ನಡಿಯ ಮುಂದೆ ನಿಂತು ಗುಂಪಣ್ಣನು ಬೆಕ್ಕಿನಂತೆ ಕಿರುಚಿದ್ದೇ ಆ ದಿನದ ಸಕಲ ಅನರ್ಥಗಳಿಗೂ ಮೂಲವಾಯಿತು.

ಅದು ಸಾಮಾನ್ಯವಾದ ಕಿರುಚಲ್ಲ. ಬಾಲದ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದ ಬೆಕ್ಕು ಮೊದಲು ಏನಾಯಿತೆಂದು ತಿಳಿಯದೆ ಬೆರಗಾಗಿ, ಆಮೇಲೆ ತಿಳಿದು, ಕಡೆಗೆ ಸಮಸ್ತ ಮೂಷಿಕಕುಲವನ್ನು ಶಪಿಸುತ್ತ ಸೂರಿನವರೆಗೆ ನೆಗೆಯುವಾಗ ಹೊರಡಿಸಬೇಕಾದ ದನಿ. ಮಂದ್ರದಲ್ಲಿ ಹುಟ್ಟಬೇಕು, ನಡುವೆ ಕ್ಷಣಕಾಲ ತಡವರಿಸಬೇಕು, ತಾರಸ್ಥಾಯಿಗೇರಿ ಹಳೆಯ ಬಟ್ಟೆಯಂತೆ ಹರಿಯಬೇಕು. ಇಷ್ಟನ್ನೂ ಗುಂಪಣ್ಣನು ಒಂದೇ ಉಸಿರಿನಲ್ಲಿ ಸಾಧಿಸಿದ. ಕಪಾಟಿನೊಳಗಿನ ಲೋಟಗಳು ಝಣಝಣಿಸಿದವು.

ಗುಂಪಣ್ಣ ಎಂಬುದು ಸ್ಟುಡಿಯೋದವರು ಇಟ್ಟ ಹೆಸರು. ಅವನು ಕಂಠದಾನ ಕಲಾವಿದ. ಆದರೆ ತಲೆ ನರೆಯುವಷ್ಟು ಕಾಲ ದುಡಿದಿದ್ದರೂ ಅವನ ಕಂಠವನ್ನು ಒಂಟಿಯಾಗಿ ಕೇಳಿದವರಿರಲಿಲ್ಲ. ಸಂತೆಯ ಗದ್ದಲ, ನ್ಯಾಯಾಲಯದ ಗುಸುಗುಸು, ರಣರಂಗದಲ್ಲಿ ದೂರದಿಂದ ಕೇಳಿಸುವ 'ಅಯ್ಯೋ', ಭಾಷಣದ ನಡುವೆ 'ಹೌದು ಹೌದು' ಇವೆಲ್ಲ ಅವನವೇ. ಚಿತ್ರ ಮುಗಿದು ತೆರೆಯ ಮೇಲೆ 'ಮತ್ತು ಇತರರು' ಎಂಬ ಮಾತು ಮೂಡಿದಾಗ ಅವನ ಹೆಂಡತಿ ಪಕ್ಕದ ಕುರ್ಚಿಯವರ ಮೊಣಕೈ ತಟ್ಟಿ, "ನೋಡಿ, ಅದೇ ನಮ್ಮನೆಯವರು" ಎಂದು ತೋರಿಸುತ್ತಿದ್ದಳು.

ಇಂಥವನಿಗೆ ಈಗ ಭಾಗ್ಯ ಒದಗಿತ್ತು. ಬೆಕ್ಕುಗಳ ಕಾವಲನ್ನು ಇಲಿಗಳ ದಂಡೊಂದು ಮುರಿಯುವ ಕಥೆಯ, ತಾತಂದಿರ ಕಾಲದ ಪುಟ್ಟ ಕಾರ್ಟೂನು ಚಿತ್ರವೊಂದು ಸ್ಟುಡಿಯೋದವರ ಕೈಗೆ ಸಿಕ್ಕಿತ್ತು. ಚಿತ್ರ ಉಳಿದಿತ್ತು, ಸದ್ದು ಅಳಿದಿತ್ತು. ಹೊಸದಾಗಿ ಸದ್ದು ಕೂಡಿಸುವ ಕೆಲಸ ನಡೆದು, ಇಲಿಗಳ ಕಿಚಿಪಿಚಿಯೂ ಪಾತ್ರೆಗಳ ಢಣಢಣವೂ ಮುಗಿದು, ಹಿರಿಯ ಬೆಕ್ಕಿನ ಬಾಲಕ್ಕೆ ಇಸ್ತ್ರಿಪೆಟ್ಟಿಗೆ ಬೀಳುವ ಘಟ್ಟವೊಂದೇ ಬಾಕಿ ಇತ್ತು. "ಇಡೀ ಚಿತ್ರದ ಪ್ರಾಣ ಆ ಕಿರುಚಿನಲ್ಲಿದೆ ಕಣಯ್ಯ" ಎಂದಿದ್ದ ನಿರ್ದೇಶಕ, ಹಿಂದಿನ ದಿನ. "ಅದೊಂದನ್ನ ಕೊಟ್ಟುಬಿಡು. 'ಬೆಕ್ಕಿನ ದನಿ' ಅಂತ ಹಾಕಿ ಕೆಳಗೆ ನಿನ್ನೊಬ್ಬನದೇ ಹೆಸರು. ಇತರರು ಗಿತರರು ಯಾರೂ ಇಲ್ಲ. ಆದರೆ ನಾಳೆ ಸಂಜೆಯೊಳಗೆ ಆಗಬೇಕು. ಇಲ್ಲದಿದ್ದರೆ ಬೇರೆಯವರನ್ನ ಕರೆಸಬೇಕಾಗುತ್ತೆ."

ಈ ವಾರ್ತೆಯನ್ನು ಫೋನಿನಲ್ಲಿ ಹೇಳುವುದು ಸಪ್ಪೆಯೆಂದು ಬಗೆದು ಹೆಂಡತಿಯು ಖುದ್ದಾಗಿ ಹೇಳಲು ಅಕ್ಕನ ಮನೆಗೆ ಹೋಗಿದ್ದಳು. ಮನೆ ಖಾಲಿ, ಗಂಟಲು ಸಿದ್ಧ. ಗುಂಪಣ್ಣ ಇನ್ನೊಮ್ಮೆ ಕಿರುಚಿದ.

ಎದುರುಮನೆಯ ಕಿಟಕಿ ಫಟ್ಟನೆ ತೆರೆಯಿತು.

ಅಲ್ಲಿ ಪ್ರತ್ಯಕ್ಷರಾದವರು ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷೆ. ಅವರು ಅಧ್ಯಕ್ಷೆಯಾದದ್ದು ಬೇರಾರೂ ಒಪ್ಪದಿದ್ದುದರಿಂದ. ಅಧ್ಯಕ್ಷೆಯಾಗಿಯೇ ಉಳಿದದ್ದು, ಆಮೇಲೆ ಬೇರೆಯವರು ಒಪ್ಪಿದರೂ ಅವರು ಒಪ್ಪದಿದ್ದುದರಿಂದ.

"ರೀ, ಏನ್ರೀ ಮಾಡ್ತಾ ಇದೀರಾ ಆ ಬೆಕ್ಕಿಗೆ?"

"ಯಾವ ಬೆಕ್ಕಿಗೆ ಅಮ್ಮಾ?"

"ಓಹೋ! ಯಾವ ಬೆಕ್ಕು ಅಂತ ಕೇಳೋಷ್ಟು ಇಟ್ಕೊಂಡಿದೀರಾ?"

"ಬೆಕ್ಕೇ ಇಲ್ಲ ಅಮ್ಮಾ. ಕಿರುಚಿದ್ದು ನಾನು."

"ನೀವ್ಯಾಕ್ರೀ ಕಿರುಚ್ತೀರಾ? ನಿಮ್ಮ ಹೆಂಡತಿ ಮನೇಲೇ ಇಲ್ಲವಲ್ಲ!"

ಈ ತರ್ಕದ ಗಂಟನ್ನು ಗುಂಪಣ್ಣ ಬಿಚ್ಚುವಷ್ಟರಲ್ಲಿ ಕಿಟಕಿ ಮುಚ್ಚಿ, ಮೆಟ್ಟಿಲುಗಳ ಮೇಲೆ ಚಪ್ಪಲಿಗಳ ಸದ್ದು ಕೇಳಿ, ಬಾಗಿಲಿಗೆ ಬಡಿತ ಬಿತ್ತು. ಅಧ್ಯಕ್ಷೆ ಒಂಟಿಯಾಗಿ ಬಂದಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದಿದ್ದರು. ಲೋಕದ ಪ್ರತಿಯೊಂದು ಪ್ರಶ್ನೆಗೂ ಒಂದೇ ಉತ್ತರವೆಂದೂ ಅದು ತಮ್ಮ ಬಳಿ ಇದೆಯೆಂದೂ ನಂಬಿದ್ದವರು. ಕೆಳಗಿನ ಅಂಗಡಿಯ ಟೈಲರೂ ಬಂದಿದ್ದ, ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಪಿನ್ನು.

"ನಾನು ಸಿನಿಮಾಕ್ಕೆ ದನಿ ಕೊಡೋನು, ನಿಮಗೇ ಗೊತ್ತಲ್ಲ ಮೇಷ್ಟ್ರೇ" ಎಂದು ಗುಂಪಣ್ಣ ಕೈಮುಗಿದ. "ಅಭ್ಯಾಸ ಮಾಡ್ತಿದ್ದೆ, ಅಷ್ಟೇ."

"ಹಾಗಾದರೆ ಮಾಡಿ ತೋರಿಸಿ" ಎಂದರು ಮೇಷ್ಟ್ರು, ಒಪ್ಪಿಸಲು ಬಾರದ ಪದ್ಯವನ್ನು ಕೇಳುವವರಂತೆ ಕೈಕಟ್ಟಿ.

ಗುಂಪಣ್ಣ ಎದೆಯುಬ್ಬಿಸಿ ನಿಂತ. ಜನರ ಮರೆಯಲ್ಲಿ ನಿಂತು ಕೂಗಿದ್ದ ಗಂಟಲು ಅದು. ಮೂರು ಜೊತೆ ಕಣ್ಣುಗಳು ತನ್ನೊಬ್ಬನ ಮೇಲೇ ನಾಟಿದ್ದನ್ನು ಎಂದೂ ಕಂಡದ್ದಲ್ಲ. ಬಾಯಿ ತೆರೆದಾಗ ಹೊರಬಿದ್ದದ್ದು, ನೆಗಡಿ ಹಿಡಿದ ಕುರಿಯೊಂದು ಕ್ಷಮೆ ಬೇಡಿದಂಥ ಸದ್ದು.

"ಇದಕ್ಕಿಂತ ನನ್ನ ಹಳೇ ಮಷೀನು ಚೆನ್ನಾಗಿ ಕೂಗುತ್ತೆ" ಎಂದ ಟೈಲರು, ಗುಂಡುಪಿನ್ನು ಬಾಯಿಂದ ತೆಗೆದು.

"ಸುಳ್ಳು ಸಿಕ್ಕಿಬಿತ್ತು" ಎಂದರು ಅಧ್ಯಕ್ಷೆ. "ಹುಡುಕಿ."

ಹುಡುಕಿದರು. ಮಂಚದ ಕೆಳಗೆ, ಬಟ್ಟೆಯ ಗಂಟಿನಲ್ಲಿ, ಹಿಟ್ಟಿನ ಡಬ್ಬಿಯಲ್ಲಿ. ಮೇಷ್ಟ್ರಂತೂ ಗೋಡೆಯ ಗಡಿಯಾರದ ಹಿಂದೆಯೂ ಇಣುಕಿದರು. ಸಿಗಲಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನಪ್ರಮಾಣವೆಂದು ತಾರ್ಕಿಕರು ಹೇಳುತ್ತಾರೆ. ಬೀದಿಯ ಸಂಘದವರು ಅವರಿಗಿಂತ ಒಂದು ಮೆಟ್ಟಿಲು ಮೇಲೆ ಹೋದರು: ಬೆಕ್ಕು ಸಿಗದಿರುವುದರಿಂದಲೇ, ಅದನ್ನು ಎಷ್ಟು ಕ್ರೂರವಾಗಿ ಬಚ್ಚಿಟ್ಟಿರಬೇಕೆಂಬುದು ಅವರಿಗೆ ಸ್ಪಷ್ಟವಾಯಿತು.

"ಪಾಪ, ಎಷ್ಟು ಸಾಧು ಪ್ರಾಣಿ ಅದು" ಎಂದರು ಅಧ್ಯಕ್ಷೆ, ಹಿಟ್ಟಾದ ಕೈ ಒರೆಸಿಕೊಳ್ಳುತ್ತ.

"ನೀವು ನೋಡಿದೀರಾ?" ಗುಂಪಣ್ಣ ದಂಗಾಗಿ ಕೇಳಿದ.

"ನೋಡದೇ ಏನು? ಬೂದು ಬಣ್ಣದ್ದು. ನಮ್ಮ ಕಿಟಕಿ ಕೆಳಗೇ ಬಂದು ಕೂತಿರ್ತಿತ್ತು."

"ಬೂದು ಮೈ, ಬಿಳೀ ಕಾಲು" ಎಂದ ಟೈಲರು. "ನಾಲ್ಕೂ ಕಾಲಿಗೆ ಕಾಲುಚೀಲ ಹೊಲಿದು ಹಾಕಿದ ಹಾಗೆ. ಅಣ್ಣಾ, ಅಂಥದ್ದಕ್ಕೆ ಹೊಡೆಯೋಕೆ ಮನಸ್ಸಾದ್ರೂ ಹೇಗೆ ಬಂತು ನಿಮಗೆ?"

"ಎಡಗಿವಿ ತುಸು ಹರಿದಿದೆ" ಎಂದು ಮೇಷ್ಟ್ರು ತಿದ್ದುಪಡಿ ಕೊಟ್ಟರು. "ನಾನು ಕೂಗಿದರೆ ತಿರುಗಿ ನೋಡ್ತಿತ್ತು. ವಿನಯ ಇತ್ತು ಅದಕ್ಕೆ. ಈಗಿನ ಕಾಲದಲ್ಲಿ ಮಕ್ಕಳಿಗೂ ಇಲ್ಲ ಅಷ್ಟು ವಿನಯ."

"ಏನಂತ ಕೂಗ್ತಿದ್ರಿ ಮೇಷ್ಟ್ರೇ?"

ಮೇಷ್ಟ್ರು ಅರೆಗಳಿಗೆ ತಡವರಿಸಿದರು. ಅಧ್ಯಕ್ಷೆ ನೆರವಿಗೆ ಬಂದರು. "ಬೆಳ್ಳಿ! ಇನ್ನೇನಂತ ಕೂಗ್ತಾರೆ? ಬೀದಿಗೆಲ್ಲ ಗೊತ್ತಿರೋದೇ."

"ಬೆಳ್ಳಿ!" ಎಂದು ಟೈಲರೂ ಮೇಷ್ಟ್ರೂ ನಿಟ್ಟುಸಿರುಬಿಟ್ಟರು, ಅಗಲಿದ ನೆಂಟಳನ್ನು ನೆನೆದವರಂತೆ.

ವಸ್ತುವಿದ್ದು ಅದಕ್ಕೆ ಗುಣಗಳು ಅಂಟಿಕೊಳ್ಳುವುದು ಸೃಷ್ಟಿಯ ಕ್ರಮ. ಇಲ್ಲಿ ಗುಣಗಳೆಲ್ಲ ಮೊದಲು ಬಂದು ಸಾಲಾಗಿ ಕುಳಿತು, ಇನ್ನು ಬೆಕ್ಕು ಬರುವುದೊಂದೇ ತಡವೆಂಬಂತೆ ಕಾದವು. ಬಿಸಿಲೇರುವ ಹೊತ್ತಿಗೆ ಬೆಳ್ಳಿಯ ಜೀವನಚರಿತ್ರೆ ಬೀದಿಯ ತುದಿ ಮುಟ್ಟಿತ್ತು. ಅದಕ್ಕೆ ಮೂರು ಮರಿಗಳಿದ್ದವಂತೆ. ಮಳೆಯಲ್ಲಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಚರಂಡಿ ದಾಟಿತ್ತಂತೆ. ಗುಂಪಣ್ಣನ ಬಾಗಿಲ ಮುಂದೆ ನೆರೆದ ಜನರಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ವರ್ಷ ಒಂದೇ ಬೀದಿಯಲ್ಲಿ ಬಾಳಿದರೂ ಗುಂಪಣ್ಣನ ಯೋಗಕ್ಷೇಮವನ್ನು ಇವರಲ್ಲಿ ಒಬ್ಬರೂ ವಿಚಾರಿಸಿದ್ದಿಲ್ಲ. ಇಲ್ಲದ ಬೆಕ್ಕಿಗೆ ದೊರೆತ ಕರುಣೆಯಲ್ಲಿ ಚಿಟಿಕೆಯಷ್ಟು ದೊರೆತಿದ್ದರೂ ಅವನ ಜನ್ಮ ಸಾರ್ಥಕವಾಗುತ್ತಿತ್ತು.

"ಬೆಳ್ಳಿಯನ್ನ ನಮ್ಮ ಕೈಗೊಪ್ಪಿಸಿ" ಎಂದರು ಅಧ್ಯಕ್ಷೆ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕುಳಿತು. "ಒಪ್ಪಿಸೋವರೆಗೂ ನೀವು ಈ ಮನೆ ಬಿಟ್ಟು ಹೊರಡೋ ಹಾಗಿಲ್ಲ."

"ಅಮ್ಮಾ, ನನಗೆ ಸ್ಟುಡಿಯೋಕ್ಕೆ ಹೊತ್ತಾಗುತ್ತೆ. ಇವತ್ತು ಹೋಗದಿದ್ದರೆ ನನ್ನ ಹೆಸರು..."

"ನಿಮ್ಮ ಹೆಸರಿನ ಚಿಂತೆ ನಿಮಗೆ. ಅಲ್ಲೊಂದು ಜೀವದ ಪ್ರಶ್ನೆ."

ಅಷ್ಟರಲ್ಲಿ ಫೋನು ಗಣಗಣಿಸಿತು. "ಎಲ್ಲಿದೀಯಯ್ಯಾ?" ಎಂದು ನಿರ್ದೇಶಕ ಗುಡುಗಿದ. "ಮಾಲೀಕರು ಇವತ್ತೇ ಬಂದು ಕೂತಿದಾರೆ. ಹೆಸರುಗಳ ಫಲಕ ಬರೆಸ್ತಾ ಇದೀನಿ. ಬರ್ತೀಯೋ ಇಲ್ಲ ಇನ್ನೊಬ್ಬನನ್ನ ಕರೀಲೋ?"

"ಬಂದೆ ಸಾರ್, ಬಂದೆ!"

ಸತ್ಯವಂತನಿಗೆ ಸುಳ್ಳು ಹೇಳುವ ಸಂದರ್ಭ ಬಂದಾಗ ಅಭ್ಯಾಸವಿಲ್ಲದೆ ಅವನು ಹೆಚ್ಚಾಗಿಯೇ ಹೇಳಿಬಿಡುತ್ತಾನೆ. ಗುಂಪಣ್ಣ ಒಂದು ಕ್ಷಣ ಕಣ್ಣುಮುಚ್ಚಿ ದೇವರಲ್ಲಿ ಕ್ಷಮೆ ಕೇಳಿ, "ಆಯ್ತು, ತಪ್ಪಾಯ್ತು. ಬೆಳ್ಳಿ ನನ್ನ ಹತ್ರಾನೇ ಇದೆ. ತಂದುಕೊಡ್ತೀನಿ, ಬಿಡಿ" ಎಂದುಬಿಟ್ಟ.

"ನಾನು ಹೇಳಲಿಲ್ವಾ!" ಎಂದು ಮೂವರೂ ಏಕಕಂಠದಲ್ಲಿ ಉದ್ಗರಿಸಿದರು.

ಅವನು ಹಿತ್ತಿಲ ಮೆಟ್ಟಿಲಿಳಿದು ಓಡಿದ. ಯಾವುದಾದರೊಂದು ಬೆಕ್ಕು ಸಿಕ್ಕರೆ ಸಾಕು, ಇವರ ಕೈಗಿತ್ತು ಬಸ್ಸು ಹಿಡಿದೇನು ಎಂಬುದು ಅವನ ಲೆಕ್ಕಾಚಾರ. ಕಸದ ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಒಂದು ಬೆಕ್ಕು, ಪಿಂಚಣಿದಾರನಂತೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿತ್ತು. ಹಳದಿ ಪಟ್ಟೆಯ, ದುಂಡಗಿನ, ಲೋಕದ ಕಷ್ಟ ಕಾಣದ ಬೆಕ್ಕು. ಗುಂಪಣ್ಣ ಅದನ್ನು ಪ್ರೀತಿಯಿಂದ ಕರೆದ, ಗೌರವದಿಂದ ಕರೆದ, ಕೊನೆಗೆ ಕರೆಯುವುದನ್ನು ಬಿಟ್ಟು ಹಿಡಿದ. ಅದು ಅವನ ಮುಂಗೈಯ ಮೇಲೆ ತನ್ನ ಅಭಿಪ್ರಾಯವನ್ನು ಐದು ಗೆರೆಗಳಲ್ಲಿ ತಿಳಿಸಿತು.

ಅಂಗಿಯ ತೋಳು ಹರಿದು, ತಲೆಕೆದರಿ, ಬೆಕ್ಕನ್ನು ಎದೆಗವಚಿಕೊಂಡು ಅವನು ಮೇಲೆ ಬಂದಾಗ ಸಭೆ ಸರಿದು ದಾರಿ ಬಿಟ್ಟಿತು.

"ತಗೊಳ್ಳಿ, ಬೆಳ್ಳಿ" ಎಂದ.

ಟೈಲರು ಮುಂದೆ ಬಂದು, ಟೇಪು ಬಿಡಿಸಿ, ಬಾಲಕ್ಕೆ ಹಿಡಿದು ನೋಡಿ ತಲೆಯಾಡಿಸಿದ. "ಇದು ಬೆಳ್ಳಿ ಅಲ್ಲ. ಬೆಳ್ಳಿ ಬಾಲ ಇನ್ನೂ ನಾಲ್ಕು ಬೆರಳು ಉದ್ದ ಇತ್ತು."

"ಬಿಳೀ ಕಾಲೆಲ್ಲಿ?" ಎಂದರು ಅಧ್ಯಕ್ಷೆ.

"ಛೇ ಛೇ, ಬೆಳ್ಳಿಯ ಮುಖಲಕ್ಷಣವೇ ಬೇರೆ" ಎಂದರು ಮೇಷ್ಟ್ರು, ಕನ್ನಡಕ ಏರಿಸಿ ಪರೀಕ್ಷಿಸಿ. "ಇದ್ಯಾವುದೋ ಬೀದಿ ಬೆಕ್ಕು. ನೋಡಿದರೇ ಗೊತ್ತಾಗುತ್ತೆ, ಸಂಸ್ಕಾರ ಇಲ್ಲದ್ದು."

ಸಂಸ್ಕಾರವಿಲ್ಲದ ಬೆಕ್ಕು ಗುಂಪಣ್ಣನ ತೋಳಿನಿಂದ ನೆಗೆದು ನೇರವಾಗಿ ಮೇಷ್ಟ್ರ ಹೆಗಲೇರಿ, ಅವರ ಕಿವಿಗೆ ಮೂತಿ ಉಜ್ಜಿ ಗುರುಗುಟ್ಟತೊಡಗಿತು. ಕೆಳಗಿನಿಂದ ಮೇಷ್ಟ್ರ ಹೆಂಡತಿಯ ದನಿ ಬಂತು: "ರೀ, ನಮ್ಮ ಬೆಕ್ಕನ್ನ ಯಾಕೆ ಅಲ್ಲಿಗೆ ಹೊತ್ಕೊಂಡು ಹೋಗಿದೀರಾ? ಅದಿನ್ನೂ ಉಂಡಿಲ್ಲ!"

ಮನೆಯ ಬೆಕ್ಕಿನ ಗುರುತು ಹತ್ತದವರು ಬೀದಿಯ ಬೆಕ್ಕಿಗೆ ಸಾಕ್ಷಿ ನುಡಿದರಲ್ಲ ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಕೇಳುವಷ್ಟು ಬಿಡುವನ್ನು ಅಧ್ಯಕ್ಷೆ ಕೊಡಲಿಲ್ಲ.

"ಮೇಷ್ಟ್ರ ಬೆಕ್ಕನ್ನೂ ಕದ್ದಿರಿ!" ಎಂದು ಅವರು ಎದ್ದು ನಿಂತರು. "ಬೆಳ್ಳಿ ಕೇಳಿದರೆ ಬೇರೆ ಬೆಕ್ಕು ತಂದುಕೊಡ್ತೀರಾ. ಅಂದರೆ ಕೊಡೋಕೆ ಬೆಳ್ಳಿ ಉಳಿದಿಲ್ಲ, ಅಲ್ವಾ? ಏನ್ರೀ ಮಾಡಿದಿರಿ ಅದನ್ನ?"

ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದಾಕೆ ಈಗ ಗಟ್ಟಿಯಾಗಿ ಅತ್ತಳು. ಕ್ರೌರ್ಯ, ಸುಳ್ಳು, ಕಳವು, ಕೊಲೆ: ಎದ್ದು ಹಲ್ಲುಜ್ಜಿ ಇನ್ನೂ ತಿಂಡಿ ತಿನ್ನದ ಮನುಷ್ಯ ಮಧ್ಯಾಹ್ನದೊಳಗೆ ಇಷ್ಟನ್ನೂ ಸಂಪಾದಿಸಿದ್ದ. ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದರಿತು ಗುಂಪಣ್ಣನು ಮೇಷ್ಟ್ರ ಕಂಕುಳಡಿ ನುಸುಳಿ, ಟೈಲರನ ಟೇಪು ದಾಟಿ, ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಬಸ್ಸು ಹತ್ತಿದ. ಉಸಿರು ಬಿಟ್ಟು ಹಿಂದಿರುಗಿ ನೋಡಿದರೆ ಹಿಂದಿನ ಬಾಗಿಲಿಂದ ಅಧ್ಯಕ್ಷೆ, ಮೇಷ್ಟ್ರು, ಟೈಲರು ಮೂವರೂ ಹತ್ತುತ್ತಿದ್ದರು.

"ಸ್ಟುಡಿಯೋದಲ್ಲೇ ಇಟ್ಟಿರ್ತಾನೆ" ಎಂದು ಮೇಷ್ಟ್ರು ಕಂಡಕ್ಟರಿಗೆ ವಿವರಿಸುತ್ತಿದ್ದರು.

ಧ್ವನಿಮುದ್ರಣದ ಕೊಠಡಿಯಲ್ಲಿ ದೀಪ ಆರಿಸಿದ್ದರು, ತೆರೆಯ ಮೇಲಿನ ಚಿತ್ರ ಕಾಣಲೆಂದು. ಕತ್ತಲಲ್ಲಿ ಮೈಕಿನ ಮುಂದೆ ಗುಂಪಣ್ಣ. ಗಾಜಿನ ಈಚೆ ನಿರ್ದೇಶಕ. ಅವನು ದನಿಯನ್ನು ಪರೀಕ್ಷಿಸುವಾಗಲೆಲ್ಲ ಕಿವಿಗೆ ಹೆಡ್‌ಫೋನು ಏರಿಸಿ ಧ್ಯಾನಸ್ಥನಂತೆ ಕಣ್ಣುಮುಚ್ಚುವನು. ಅವನ ಬೆನ್ನ ಹಿಂದೆ, ತಡೆಯಲು ಬಂದ ಕಾವಲುಗಾರನನ್ನು 'ನಾನು ಅಧ್ಯಕ್ಷೆ' ಎಂಬ ಒಂದೇ ಮಾತಿನಿಂದ ಕರಗಿಸಿ, ಸಂಘದ ಮೂವರೂ ಬಂದು ನಿಂತಿದ್ದರು.

ತೆರೆಯ ಮೇಲೆ ಹಿರಿಯ ಬೆಕ್ಕು ಇಲಿಬಿಲದ ಮುಂದೆ ಗೆಲುವಿನ ನಗೆ ಬೀರುತ್ತ ಕುಳಿತಿತ್ತು. ಮೇಲಿನ ಹಲಗೆಯಲ್ಲಿ ಇಲಿಗಳೆಲ್ಲ ಸೇರಿ ಇಸ್ತ್ರಿಪೆಟ್ಟಿಗೆಯನ್ನು ಅಂಚಿಗೆ ನೂಕುತ್ತಿದ್ದವು. ಗುಂಪಣ್ಣ ಆ ಬೆಕ್ಕನ್ನು ನೋಡಿದ. ಏನೂ ತಿಳಿಯದೆ ಕುಳಿತ ಮುಖ, ಮೇಲೆ ಒಗ್ಗಟ್ಟಾದ ಪುಟ್ಟ ಪುಟ್ಟ ಜೀವಗಳು. ಅವನಿಗೆ ಅದರ ಮೇಲೆ ಒಡಹುಟ್ಟಿದವನ ಮಮತೆ ಉಕ್ಕಿತು. ಇಸ್ತ್ರಿಪೆಟ್ಟಿಗೆ ಜಾರಿತು.

ಗುಂಪಣ್ಣ ಕಿರುಚಿದ.

ಬೆಳಗಿನ ಕಿರುಚು ಇದರ ಮುಂದೆ ಜೋಗುಳ. ವರ್ಷಗಟ್ಟಲೆ ಗುಂಪಿನಲ್ಲಿ ಕರಗಿದ ದನಿ, ಹರಿದ ತೋಳು, ಪರಚಿದ ಮುಂಗೈ, ಮಾಡದ ಪಾಪಗಳ ಹೊರೆ ಎಲ್ಲವೂ ಮಂದ್ರದಿಂದೆದ್ದು ತಾರಕ್ಕೇರಿ, ಅಲ್ಲಿಂದಾಚೆ ಸಂಗೀತಶಾಸ್ತ್ರ ಹೆಸರಿಡದ ಯಾವುದೋ ಎಡೆಯಲ್ಲಿ ಸಿಡಿದುಹೋಯಿತು. ನಿರ್ದೇಶಕನ ಮುಚ್ಚಿದ ಕಣ್ಣುಗಳಿಂದ ಆನಂದಬಾಷ್ಪ ಇಳಿಯಿತು. ಮಹಡಿಯ ಕೋಣೆಯಲ್ಲಿದ್ದ ಮಾಲೀಕ ಕೆಳಗೆ ಓಡಿಬಂದ.

"ಯಾರದಯ್ಯಾ ಆ ದನಿ?"

"ಬೆಳ್ಳಿದು!" ಎಂದು ಅಧ್ಯಕ್ಷೆ ಕೂಗಿದರು. ಅವರ ಕಣ್ಣಲ್ಲೂ ನೀರು. "ಬದುಕಿದೆ! ನಮ್ಮ ಬೆಳ್ಳಿ ಬದುಕಿದೆ!"

"ಅದೇ ದನಿ, ಸಂದೇಹವೇ ಇಲ್ಲ" ಎಂದರು ಮೇಷ್ಟ್ರು. "ಎಲ್ಲಿ ಕೇಳಿದರೂ ಗುರುತು ಹಿಡೀತೀನಿ."

"ಬೆಳ್ಳಿ ಅಂದರೆ?"

"ನಮ್ಮ ಬೀದಿ ಬೆಕ್ಕು ಸಾರ್. ಬೂದು ಮೈ, ಬಿಳೀ ಕಾಲು" ಎಂದ ಟೈಲರು.

ಮಾಲೀಕನ ಮುಖ ಅರಳಿತು. "ನಿಜವಾದ ಬೆಕ್ಕೇ? ಭೇಷ್! ಇದು ನೋಡಿ ಸುದ್ದಿ ಅಂದರೆ. ಎಲ್ಲ ಕಡೆ ಹಾಕಿಸಿ, ಕಾರ್ಟೂನು ಬೆಕ್ಕಿಗೆ ನಿಜವಾದ ಬೆಕ್ಕಿನ ದನಿ ಅಂತ. ಜನ ಮುಗಿಬೀಳ್ತಾರೆ."

"ಸರ್, ಒಂದು ನಿಮಿಷ" ಎಂದು ನಿರ್ದೇಶಕ ಕಣ್ಣೊರೆಸಿಕೊಂಡ. "ಬೆಕ್ಕು ಗಿಕ್ಕು ಇಲ್ಲ, ನಮ್ಮ ಗುಂಪಣ್ಣ ಕಿರುಚಿದ್ದು."

"ನೀನು ಕಣ್ಣಾರೆ ನೋಡಿದ್ಯಾ?"

"ಅದು... ನಾನು ಕಣ್ಣು ಮುಚ್ಚಿದ್ದೆ ಸರ್."

"ಇವರು ಮೂರು ಜನ, ಬೀದಿಯಿಂದ ಬಂದು ಗುರುತು ಹಿಡೀತಾ ಇದಾರೆ. ಮನುಷ್ಯ ಕಿರುಚೋದನ್ನ ಕೇಳೋಕೆ ಯಾರಯ್ಯಾ ದುಡ್ಡು ಕೊಟ್ಟು ಬರ್ತಾರೆ? ಅದು ಮನೆಮನೇಲೂ ಪುಕ್ಕಟೆ ಸಿಗುತ್ತೆ."

ಕೊಠಡಿಯಿಂದ ಹೊರಬಂದ ಗುಂಪಣ್ಣ ಎಲ್ಲವನ್ನೂ ಕೇಳಿಸಿಕೊಂಡು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಇದ್ದಬದ್ದ ಕಂಠವನ್ನೆಲ್ಲ ಅವನು ದಾನಮಾಡಿ ಮುಗಿಸಿದ್ದ. ಎದೆ ತಟ್ಟಿಕೊಂಡ, ಗಂಟಲು ತೋರಿಸಿದ, ಎರಡೂ ಕೈ ಅಲ್ಲಾಡಿಸಿದ.

"ನೋಡಿ, ಒಪ್ಕೋತಾ ಇದಾರೆ" ಎಂದು ಅಧ್ಯಕ್ಷೆ ಮೃದುವಾದರು. "ಪಶ್ಚಾತ್ತಾಪದಲ್ಲಿ ಪಾಪ ಮಾತೇ ಹೊರಡ್ತಿಲ್ಲ. ಹೋಗಲಿ ಬಿಡಿ. ಬೆಳ್ಳಿ ಜೀವಂತ ಇದೆಯಲ್ಲ, ನಾವು ಕ್ಷಮಿಸಿದೀವಿ."

ಹೆಸರುಗಳ ಫಲಕ ಅಲ್ಲಿಯೇ ಸಿದ್ಧವಾಗುತ್ತಿತ್ತು. 'ಬೆಕ್ಕಿನ ದನಿ' ಎಂಬುದರ ಕೆಳಗೆ ಗುಂಪಣ್ಣನ ಹುಟ್ಟುಹೆಸರನ್ನು ದುಂಡಗೆ ಬರೆದಿದ್ದರು. ಬಣ್ಣ ಇನ್ನೂ ಹಸಿಯಿತ್ತು. ಮಾಲೀಕನ ಸನ್ನೆಗೆ ಒದ್ದೆಬಟ್ಟೆಯೊಂದು ಅದರ ಮೇಲೆ ಹರಿದಾಡಿತು. ಅಲ್ಲಿ 'ಬೆಳ್ಳಿ' ಮೂಡಿತು. ಅಧ್ಯಕ್ಷೆಯ ಸಲಹೆಯಂತೆ ಅದರ ಕೆಳಗೆ 'ಪೋಷಣೆ: ಬೀದಿ ನಿವಾಸಿಗಳ ಸಂಘ' ಎಂದೂ ಸೇರಿತು. ಇನ್ನು ಜಾಗ ಉಳಿಯಲಿಲ್ಲ.

ಹೊತ್ತು ಮುಳುಗುವಾಗ ಗುಂಪಣ್ಣ ಮನೆ ಸೇರಿದ. ಹೆಂಡತಿ ಆಗಲೇ ಬಂದಿದ್ದಳು. ಬೀದಿಯವರು ಅವಳಿಗೆ ಎಲ್ಲವನ್ನೂ ತಲುಪಿಸಿದ್ದರು.

"ಅಲ್ಲ ರೀ, ಅಷ್ಟು ದಿನದಿಂದ ಬೆಕ್ಕು ಸಾಕಿದೀರಾ, ನನಗೊಂದು ಮಾತು ಹೇಳಬಾರದಿತ್ತಾ?"

ಅವನು ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದ.

"ಇರಲಿ ಬಿಡಿ. ನಿಮ್ಮ ಹೆಸರು ಬರದಿದ್ದರೇನಂತೆ, ನಮ್ಮನೆ ಬೆಕ್ಕಿನ ಹೆಸರು ಬಂತಲ್ಲ. ಅಕ್ಕನಿಗೆ ಆಗಲೇ ಫೋನು ಮಾಡಿ ಹೇಳಿಬಿಟ್ಟೆ, ಅವಳಿಗೆ ನಿಮ್ಮ ವಿಷಯ ಹೇಳಿದಾಗ ಆಗಿದ್ದಕ್ಕಿಂತ ಜಾಸ್ತಿ ಸಂತೋಷ ಆಯ್ತು."

ಗುಂಪಣ್ಣ ಗಂಟಲನ್ನು ಮುಟ್ಟಿ, ಲೋಟ ಎತ್ತಿ ಕುಡಿಯುವಂತೆ ಅಭಿನಯಿಸಿದ.

"ಬಿಸಿ ಹಾಲೇ? ಇಲ್ವಲ್ಲ. ಇದ್ದಿದ್ದನ್ನೆಲ್ಲ ಕಾಯಿಸಿ ಕೆಳಗೆ ಜಗುಲಿಯಲ್ಲಿ ಇಟ್ಟಿದೀನಿ, ಬೆಳ್ಳಿ ಬಂದರೆ ಕುಡೀಲಿ ಅಂತ. ಪಾಪ, ದಿನವೆಲ್ಲ ಕಿರುಚಿ ಗಂಟಲು ಒಣಗಿರುತ್ತೆ."

ಗುಂಪಣ್ಣ ಮೆಲ್ಲಗೆ ಮೆಟ್ಟಿಲಿಳಿದು ಹೋದ. ಜಗುಲಿಯಲ್ಲಿ ಮಬ್ಬುಗತ್ತಲು. ಗೋಡೆಯ ಮಗ್ಗುಲಲ್ಲಿ ಅಗಲವಾದ ತಟ್ಟೆ, ಅದರಲ್ಲಿ ಹಬೆಯಾಡುವ ಹಾಲು. ಅವನು ಅತ್ತಿತ್ತ ನೋಡಿ, ಮಂಡಿಯೂರಿ ಕುಳಿತ. ತಟ್ಟೆ ಎತ್ತಲಾರದಷ್ಟು ಸುಡುತ್ತಿತ್ತು. ಹಾಗಾಗಿ ಅವನೇ ಬಗ್ಗಿದ.

ಎದುರುಮನೆಯ ಕಿಟಕಿ ಮೆಲ್ಲಗೆ ತೆರೆಯಿತು.

"ಮೇಷ್ಟ್ರೇ, ಟೈಲರೇ, ಬನ್ನಿ ಬೇಗ!" ಎಂದಿತು ಅಧ್ಯಕ್ಷೆಯ ಪಿಸುದನಿ, ಆನಂದದಿಂದ ನಡುಗುತ್ತ. "ಬಂದಿದೆ! ನಮ್ಮ ಬೆಳ್ಳಿ ಹಾಲು ಕುಡೀತಾ ಇದೆ!"